ಮಂಕಿ ಮಾಯಾ ಕಡಲ ದಡದಲ್ಲಿ

ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ, ಪರ್ತ್ ನಗರದಿಂದ ಉತ್ತರಕ್ಕೆ ಸುಮಾರು 850 ಕಿಲೋಮೀಟರ್ ದೂರದಲ್ಲಿ ಮಂಕಿ ಮಾಯಾ ಎಂಬ ಚಿಕ್ಕ ಸ್ಥಳವಿದೆ. 1991ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾದ ಷಾರ್ಕ್ ಕೊಲ್ಲಿಯ ಭಾಗವಿದು. ಕೆಂಪು ಮಣ್ಣಿನ ಬಯಲನ್ನು ದಾಟಿ ಅಲ್ಲಿಗೆ ತಲುಪಿದ ನಾವು, ಮರುದಿನ ಬೆಳಗ್ಗೆ ಎಂಟು ಗಂಟೆಗೆ ಮುನ್ನವೇ ಇತರ ಯಾತ್ರಿಕರೊಡನೆ ನೀರಿನಂಚಿನಲ್ಲಿ ನಿಂತೆವು.

ಸ್ವಲ್ಪ ಹೊತ್ತಿನಲ್ಲಿಯೇ ಬೂದುಬಣ್ಣದ ಡಾಲ್ಫಿನ್‌ಗಳು ಮೊಣಕಾಲುದ್ದದ ನೀರಿಗೆ ಬಂದವು. ಪಕ್ಕಕ್ಕೆ ವಾಲಿ, ನೆರೆದವರನ್ನು ದಿಟ್ಟಿಸಿ ನೋಡಿದವು. ಕಾಡುಜೀವಿಗೆ ಮನುಷ್ಯನೊಡನೆ ಇಷ್ಟು ಸಲಿಗೆ ಬಂದುದಾದರೂ ಹೇಗೆ?

1960ರ ದಶಕದಲ್ಲಿ ಇಲ್ಲಿಯ ಬೆಸ್ತರು ತಾವು ಹಿಡಿದ ಮೀನುಗಳಲ್ಲಿ ಕೆಲವನ್ನು ಡಾಲ್ಫಿನ್‌ಗಳಿಗೆ ಹಾಕತೊಡಗಿದರು. ದಡಕ್ಕೆ ಬಂದರೆ ಶ್ರಮವಿಲ್ಲದೆ ಆಹಾರ ದೊರೆಯುವುದೆಂದು ಅವು ಅರಿತವು. ಡಾಲ್ಫಿನ್ ಮೀನಿನಂತೆ ಕಂಡರೂ ಮರಿಗೆ ಹಾಲೂಡಿಸುವ ಪ್ರಾಣಿ. ಮರಿಯು ವರ್ಷಗಟ್ಟಲೆ ತಾಯಿಯ ಬೆನ್ನು ಬಿಡದು. ತಾಯಿಯನ್ನು ನೋಡಿ ಮರಿಗಳೂ ದಡದ ದಾರಿಯನ್ನು ಕಲಿತವು. ಹೀಗೆ ಈ ರೂಢಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತು.

ಆದರೆ ಈ ಔದಾರ್ಯಕ್ಕೆ ಬೆಲೆ ತೆತ್ತವು ಮರಿಗಳು. ತಾಯಿ ದಡದಲ್ಲಿ ಮೀನಿಗಾಗಿ ಕಾಯುತ್ತಿದ್ದಾಗ ಮರಿ ಆಳದ ನೀರಿನಲ್ಲಿ ಒಂಟಿಯಾಗಿರುತ್ತಿತ್ತು. ಹಾಲುಣ್ಣುವ ಹೊತ್ತು ಕಡಿಮೆಯಾಯಿತು. ಷಾರ್ಕ್‌ಗಳ ಭಯ ಹೆಚ್ಚಿತು. ಜನರಿಂದ ಆಹಾರ ಪಡೆಯುವ ತಾಯಂದಿರ ಮರಿಗಳೇ ಹೆಚ್ಚಾಗಿ ಸಾಯುತ್ತಿರುವುದನ್ನು ಸಂಶೋಧಕರು ಕಂಡುಕೊಂಡರು. 1990ರ ದಶಕದ ಮಧ್ಯದಲ್ಲಿ ನಿಯಮಗಳು ಬಿಗಿಗೊಂಡ ಮೇಲೆ ಮರಿಗಳ ಉಳಿವು ಸುಧಾರಿಸಿತು.

ಈಗ ಆಯ್ದ ಕೆಲವು ವಯಸ್ಕ ಹೆಣ್ಣು ಡಾಲ್ಫಿನ್‌ಗಳಿಗೆ ಮಾತ್ರ, ಬೆಳಗಿನ ವೇಳೆಯಲ್ಲಿ ಹೆಚ್ಚೆಂದರೆ ಮೂರು ಬಾರಿ, ಅಳತೆ ಮಾಡಿ ಮೀನು ಕೊಡುತ್ತಾರೆ. ಅದು ಅವುಗಳ ದಿನದ ಆಹಾರದ ಒಂದು ಅಲ್ಪ ಭಾಗ. ಉಳಿದುದನ್ನು ಅವು ತಾವೇ ಬೇಟೆಯಾಡಿ ಪಡೆಯಬೇಕು. ಅವುಗಳನ್ನು ಯಾರೂ ಮುಟ್ಟುವಂತಿಲ್ಲ.

ನಮ್ಮೊಡನಿದ್ದ ಬಾಲಕಿ ತಾಯಿಯ ಹಿಂದೆ ಸುಳಿಯುತ್ತಿದ್ದ ಮರಿಯನ್ನು ತೋರಿಸಿ, "ಅದಕ್ಕೂ ಒಂದು ಮೀನು ಕೊಡಬಾರದೇ?" ಎಂದು ಕೇಳಿದಳು. ಅಲ್ಲಿದ್ದ ರಕ್ಷಕಿ ಮೃದುವಾಗಿ ತಲೆಯಾಡಿಸಿ, "ಬೇಡ ಮಗು, ಅದು ದುಡಿದು ಉಣ್ಣುವುದನ್ನು ಕಲಿಯಲಿ" ಎಂದರು. ಬಾಲಕಿಯ ಮುಖ ಬಾಡಿತು. ಅಷ್ಟರಲ್ಲಿ ತಾಯಿ ತಿರುಗಿ, ಮರಿಯನ್ನು ಜೊತೆಗೂಡಿಸಿಕೊಂಡು ಆಳದ ನೀರಿನತ್ತ ಸಾಗಿತು.

ಹಸಿದವರಿಗೆ ಉಣಬಡಿಸುವುದು ದೊಡ್ಡ ಗುಣವೆಂದು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ಆದರೆ ಉಂಡ ಜೀವಿಯ ಸ್ವಂತ ಬದುಕು ಕೆಡದಂತೆ ನೋಡಿಕೊಳ್ಳುವುದೂ ಕೊಡುವವನ ಹೊಣೆಯೆಂಬುದನ್ನು ಆ ಕಡಲ ದಡ ನಮಗೆ ಕಲಿಸಿತು.