ಬಳ್ಳಾರಿ ಸೀಮೆಯ ಬಾನುಲಿ

ಬಳ್ಳಾರಿಯ ಬಂಡೆಗುಡ್ಡದ ಮೇಲೆ ಬಿಸಿಲು ಬೀಳುವ ಮುನ್ನವೇ ಕೆಲವು ಮನೆಗಳಲ್ಲಿ ಬಾನುಲಿಯ ದಿನ ಮೊದಲಾಗುತ್ತದೆ. ವಾಲ್ಟರ್ ಕಾಫ್‌ಮನ್ ಎಂಬ ಪರದೇಶದ ಸಂಗೀತಗಾರ ಸಂಯೋಜಿಸಿದ ಆಕಾಶವಾಣಿಯ ಸಂಕೇತ ಸಂಗೀತ, ಬಳಿಕ ವಂದೇ ಮಾತರಂ, ಭಕ್ತಿಗೀತೆ, ಚಿಂತನ, ವಾರ್ತೆ. ಕೋಟೆಯ ಕೆಳಗಿನ ಬೀದಿಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕುಳಿತು ಹರಟುವ ಈ ಊರಿಗೆ ಬಾನುಲಿಯ ಕನ್ನಡ ಬಹುಕಾಲ ದೂರದ ನೆಂಟನಾಗಿತ್ತು.

1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆಗ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಧಾರವಾಡದ ನಿಲಯ 1950ರಲ್ಲಿ ಬಂದಿತು. ಬಳ್ಳಾರಿಯು ಮೈಸೂರು ರಾಜ್ಯವನ್ನು ಕೂಡಿಕೊಂಡದ್ದು 1953ರ ಅಕ್ಟೋಬರ್ 1ರಂದು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಗಡಿಯ ಈ ಜನಕ್ಕೆ ತಮ್ಮ ಸೀಮೆಯದೇ ಧ್ವನಿಯಾಗಿ ಒದಗಿದ್ದು ಮುಂದೆ ಆರಂಭವಾದ ಹೊಸಪೇಟೆಯ ನಿಲಯ. ಎಫ್.ಎಂ. 100.5ರಲ್ಲಿ ಅದು ಕೇಳಿಬರುತ್ತದೆ.

ನಟ ಬಳ್ಳಾರಿ ರಾಘವರ ಊರಿನವರು ನಾಟಕಕ್ಕೆ ಕಿವಿಗೊಡದೆ ಇರಲಾರರು. ಪರದೆಯಿಲ್ಲದ ರಂಗವೆಂದರೆ ಬಾನುಲಿ ನಾಟಕವೇ. ಅಲ್ಲಿ ನಟನಿಗೆ ಉಡುಪೂ ಇಲ್ಲ, ಬಣ್ಣವೂ ಇಲ್ಲ. ಬಾಗಿಲ ಕಿರುಗುಟ್ಟುವಿಕೆಯೊಂದರಿಂದ ಕೇಳುಗನು ತಾನೇ ಮನೆಯೊಂದನ್ನು ಕಟ್ಟಿಕೊಳ್ಳಬೇಕು.

ನಗರದಿಂದ ವಾಯವ್ಯಕ್ಕೆ ಸಾಗಿದರೆ ಕುರುಗೋಡು. ಒಂದು ಕಾಲಕ್ಕೆ ಸಿಂದ ಅರಸರ ನೆಲೆ. ಇಂದು ದೊಡ್ಡಬಸವೇಶ್ವರನ ಬೃಹತ್ ಏಕಶಿಲಾ ನಂದಿಯಿಂದ ಪ್ರಸಿದ್ಧ. ಸುತ್ತಲೂ ಎರೆಭೂಮಿ, ಹತ್ತಿ, ಮೆಣಸಿನಕಾಯಿ. ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮದಲ್ಲಿ ಕೂಸಿನ ಆರೈಕೆಯೂ ಅಡುಗೆಯೂ ಹಾಡೂ ಬರುತ್ತವೆ. ಕೈ ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿರುತ್ತದೆ; ಬಾನುಲಿ ಬಾಳಿಕೊಂಡು ಬಂದ ಗುಟ್ಟು ಇದೇ.

ಇನ್ನೂ ಉತ್ತರಕ್ಕೆ ಹೋದರೆ ನೆಲದ ಬಣ್ಣವೇ ಬದಲಾಗುತ್ತದೆ. ಸಿರುಗುಪ್ಪದ ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ, ನಡುನಡುವೆ ಅಕ್ಕಿ ಗಿರಣಿ. ಈ ಹಸಿರಿಗೆ ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ ಕಾಲುವೆಯೇ ಮೂಲ. ನಾಟಿ ಯಾವಾಗ, ಕೀಟಕ್ಕೆ ಮದ್ದೇನು, ಮಳೆ ಎಲ್ಲಿ ಎಂಬ ಸಂಜೆಯ ಕೃಷಿ ಕಾರ್ಯಕ್ರಮದ ಮಾತು ಇಲ್ಲಿ ಹೊತ್ತು ಕಳೆಯಲು ಕೇಳುವಂಥದಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು, ಒಂದು ವಾರದವರೆಗೆ ನೀರು ಹೊಳೆಗೆ ಹರಿದುಹೋಯಿತು. ಆ ವಾರ ಜಲಾಶಯದ ಮಟ್ಟವೇ ಇಲ್ಲಿಯ ಮುಖ್ಯ ವಾರ್ತೆ. ತುಂಬಿದ ಕೆರೆ ಬರಿದಾಗುವುದನ್ನು ಕಂಡಂತೆ ರೈತನ ಎದೆ ಬಡಿದುಕೊಂಡಿತು. ಕೊನೆಗೆ ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ತಡೆದರು.

ಹೀಗೆ ಈ ಬಯಲಿಗೆ ಹೊಸಪೇಟೆಯಿಂದ ಬರುವವು ಎರಡು: ನೀರು ಮತ್ತು ಮಾತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಬಳ್ಳಾರಿಯಿಂದ ಬೇರೆಯಾಯಿತು. ಕಚೇರಿಯ ಕಡತಗಳು ಹಂಚಿಹೋದವು; ಬಾನುಲಿಯ ಅಲೆಗಳಿಗೆ ಮಾತ್ರ ಗಡಿಕಲ್ಲು ಕಾಣಲಿಲ್ಲ. ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ತಡವಾಗಿ ತಲುಪಬಹುದು. ಮಾತಾದರೋ ತಲೆಯಂಚಿನವನಿಗೆ ತಲುಪಿದ ಗಳಿಗೆಯಲ್ಲಿಯೇ ಅವನಿಗೂ ತಲುಪುತ್ತದೆ.