ಒಂದೇ ಉಡುಗೆಯ ಎರಡು ಹಾವುಗಳು

ಮಳೆಗಾಲ ಹಿಡಿಯಿತೆಂದರೆ ಪುಣೆಯ ದಕ್ಷಿಣದ ಗುಡ್ಡಗಳ ಬುಡದಲ್ಲಿರುವ ಬಡಾವಣೆಗಳಲ್ಲಿ ಹಾವುಗಳ ಓಡಾಟ ಹೆಚ್ಚುತ್ತದೆ. ಕಾತ್ರಜ್, ಬಿಬ್ವೇವಾಡಿಗಳ ಕಡೆ ಹಾವು ಹೊಕ್ಕ ಮನೆಯವರು ಸರ್ಪಮಿತ್ರರಿಗೆ ಫೋನ್ ಮಾಡುತ್ತಾರೆ. ಹಾಗೆ ಹೊಗುವ ಹಾವುಗಳಲ್ಲಿ ಎರಡು ನನ್ನನ್ನು ಬಹುಕಾಲದಿಂದ ಯೋಚನೆಗೆ ಹಚ್ಚಿವೆ. ಒಂದು ಕಟ್ಟುಹಾವು, ಇಲ್ಲಿಯವರು ಅದನ್ನು ಮಣ್ಯಾರ್ ಎನ್ನುತ್ತಾರೆ. ಇನ್ನೊಂದು ತೋಳಹಾವು, ಮರಾಠಿಯಲ್ಲಿ ಕವಡ್ಯಾ. ಎರಡಕ್ಕೂ ಕಪ್ಪುಗಂದು ಮೈ, ಅಡ್ಡಡ್ಡ ಬಿಳಿ ಪಟ್ಟೆ. ಎರಡೂ ರಾತ್ರಿ ತಿರುಗುವಂಥವು, ಸಂದಿ ಸಿಕ್ಕರೆ ಮನೆಯೊಳಗೆ ನುಸುಳುವಂಥವು. ಮೊದಲನೆಯದು ಕಚ್ಚಿದರೆ ಉಸಿರಾಟವೇ ನಿಂತುಹೋಗಬಹುದು. ಎರಡನೆಯದು ಗೋಡೆಯ ಹಲ್ಲಿಗಳನ್ನು ಹಿಡಿದು ತಿಂದುಕೊಂಡಿರುವ ನಿರುಪದ್ರವಿ.

ಗುರುತು ಹಿಡಿಯುವ ಬಗೆಯನ್ನು ಬಲ್ಲವರು ಹೇಳಿಕೊಡುತ್ತಾರೆ. ತೋಳಹಾವಿನ ಪಟ್ಟೆ ಕುತ್ತಿಗೆಯ ಹತ್ತಿರವೇ ಸ್ಪಷ್ಟವಾಗಿ ಶುರುವಾಗಿ ಬಾಲದ ಕಡೆ ಹೋಗುತ್ತ ಮಾಸುತ್ತದೆ. ಕಟ್ಟುಹಾವಿನಲ್ಲಿ ಇದು ತಿರುವುಮುರುವು: ತಲೆಯಿಂದ ಸ್ವಲ್ಪ ದೂರದವರೆಗೆ ಪಟ್ಟೆ ಇಲ್ಲವೇ ಇಲ್ಲವೆನ್ನುವಷ್ಟು ಮಂಕು, ಹಿಂದೆ ಹೋದಂತೆ ಜೋಡಿ ಜೋಡಿ ತೆಳುಗೆರೆಗಳು ಎದ್ದು ಕಾಣುತ್ತವೆ. ಆದರೆ ಪಟ್ಟೆಗಳೂ ಒಮ್ಮೊಮ್ಮೆ ಮೋಸ ಮಾಡುತ್ತವೆ. ಹೆಚ್ಚು ನಂಬಬಹುದಾದ ಗುರುತು ಬೆನ್ನಿನ ನಡುಸಾಲಿನಲ್ಲಿದೆ. ಕಟ್ಟುಹಾವಿಗೆ ಅಲ್ಲಿ ದೊಡ್ಡ ದೊಡ್ಡ ಷಟ್ಕೋನದ ಹುರುಪೆಗಳಿರುತ್ತವೆ, ತೋಳಹಾವಿಗೆ ಇರುವುದಿಲ್ಲ. ಆ ಗುರುತು ಕಾಣಬೇಕಾದರೆ ಹತ್ತಿರ ಹೋಗಬೇಕು; ಪಳಗದವರು ಹತ್ತಿರ ಹೋಗಬಾರದು. ಬಾಗಿಲ ಸಂದಿಯಲ್ಲಿ ಇಣುಕಿದ ಅರ್ಧ ಮೈಯನ್ನು ನೋಡಿ ಯಾರೂ ತೀರ್ಪು ಕೊಡುವಂತಿಲ್ಲ.

ವಿಷದ ಹಾವಿನ ಉಡುಗೆ ತೊಟ್ಟರೆ ಬೇಟೆಯಾಡುವ ಪ್ರಾಣಿಗಳು ದೂರ ಉಳಿಯುತ್ತವೆ, ತೋಳಹಾವಿಗೆ ಈ ಹೋಲಿಕೆ ಒದಗಿರುವುದು ಅದಕ್ಕಾಗಿ ಎಂದು ಜೀವಶಾಸ್ತ್ರದವರು ವಿವರಿಸುತ್ತಾರೆ. ಕಾಡಿನಲ್ಲಿ ಪ್ರಾಣ ಕಾಯುವ ಅದೇ ಉಡುಗೆ ಕೋಲು ಹಿಡಿದ ಮನುಷ್ಯನ ಮುಂದೆ ಪ್ರಾಣ ತೆಗೆಯುತ್ತದೆ. ಕುರಿಯ ವೇಷದಲ್ಲಿ ಬರುವ ತೋಳಗಳ ಬಗ್ಗೆ ಯೇಸು ಎಚ್ಚರಿಸಿದ್ದನ್ನು ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಓದುತ್ತೇವೆ. ಅದನ್ನು ಓದಿ ಸಭೆಯಲ್ಲಿ ನಾವು ವೇಷಧಾರಿ ತೋಳಗಳನ್ನು ಹುಡುಕುವುದರಲ್ಲಿ ಚುರುಕಾಗುತ್ತೇವೆ. ಕೇಡಿನ ಹೋಲಿಕೆ ಹೊತ್ತ ನಿರಪರಾಧಿಗಳೂ ನಮ್ಮ ನಡುವೆ ಇದ್ದಾರೆಂಬುದು ನೆನಪಾಗುವುದಿಲ್ಲ. ಊರು, ಜಾತಿ, ಬಟ್ಟೆ, ಮಾತಿನ ಧಾಟಿ, ಹಿಂದೊಮ್ಮೆ ಮಾಡಿದ ತಪ್ಪಿನ ಸುದ್ದಿ, ಇಷ್ಟು ಸಾಕು, ನಾಲಿಗೆಯ ಕೋಲು ಮೇಲೇಳುತ್ತದೆ. ಯೇಸು ಅದೇ ಮಾತಿನಲ್ಲಿ ಕೊಟ್ಟ ಅಳತೆ ಫಲದ್ದು. ಫಲ ಬರುವುದಕ್ಕೆ ಕಾಲ ಬೇಕು.

ಮತ್ತಾಯನ ಹದಿಮೂರನೆಯ ಅಧ್ಯಾಯದ ಹಣಜಿಯ ಸಾಮ್ಯ ಇದನ್ನೇ ಬಿಡಿಸಿ ಹೇಳುತ್ತದೆ. ಹಣಜಿ ತೆನೆ ಬಿಡುವವರೆಗೆ ಗೋಧಿಯಂತೆಯೇ ಕಾಣುವ ಕಳೆ. ಕಿತ್ತು ಬಿಡೋಣವೇ ಎಂದು ಆಳುಗಳು ಕೇಳಿದರೆ ಒಡೆಯ ತಡೆಯುತ್ತಾನೆ. ಅವನ ಚಿಂತೆ ಕಳೆಯ ಮೇಲಲ್ಲ, ಜೊತೆಗೆ ಕಿತ್ತು ಬರಬಹುದಾದ ಗೋಧಿಯ ಮೇಲೆ.

ಅಪೊಸ್ತಲರ ಕೃತ್ಯಗಳ ಕೊನೆಯ ಅಧ್ಯಾಯದಲ್ಲಿ ಮೆಲಿತೆ ದ್ವೀಪದ ಘಟನೆಯಿದೆ. ಹಡಗು ಒಡೆದು ದಡ ಸೇರಿದ ಪೌಲನು ಬೆಂಕಿಗೆ ಕಟ್ಟಿಗೆ ಹಾಕುವಾಗ ಹಾವೊಂದು ಅವನ ಕೈಗೆ ಸುತ್ತಿಕೊಳ್ಳುತ್ತದೆ. ನೋಡಿದ ಜನ ಅವನನ್ನು ಕೊಲೆಗಾರನೆಂದರು. ಅವನು ಸಾಯಲಿಲ್ಲ, ಆಗ ದೇವರೆಂದರು. ಎರಡು ತೀರ್ಪೂ ತಪ್ಪು, ಎರಡೂ ಒಂದೇ ಬೆಂಕಿಯ ಸುತ್ತ ಕೂತವರ ಬಾಯಿಂದ ಬಂದವು. ಕಂಡದ್ದನ್ನೇ ನಂಬಿದರೆ ನಿಂದೆಯೂ ಸುಳ್ಳಾಗುತ್ತದೆ, ಹೊಗಳಿಕೆಯೂ ಸುಳ್ಳಾಗುತ್ತದೆ.

ಇಲ್ಲಿ ಹಾವುಗಳಿಗೂ ನ್ಯಾಯ ಸಲ್ಲಬೇಕು. ತೋಳಹಾವು ಕಪಟಿಯಲ್ಲ, ಕಟ್ಟುಹಾವು ಪಾಪಿಯಲ್ಲ. ಕಟ್ಟುಹಾವಿನ ಮುಖ್ಯ ಆಹಾರ ಬೇರೆ ಹಾವುಗಳು. ವಿಷ ಅದರ ಅನ್ನದ ದಾರಿ. ಆದಿಕಾಂಡದ ಮೂರನೆಯ ಅಧ್ಯಾಯದ ಸರ್ಪಕ್ಕಿಂತ ಮೊದಲು, ಒಂದನೆಯ ಅಧ್ಯಾಯದಲ್ಲೇ, ದೇವರು ಹರಿದಾಡುವ ಜೀವಿಗಳನ್ನು ಮಾಡಿ ಅವು ಒಳ್ಳೆಯವೆಂದು ಕಂಡನು. ನಿಸರ್ಗದಿಂದ ಪಾಠ ಕಲಿಯುವವರು ಈ ಕ್ರಮವನ್ನು ಮರೆಯಬಾರದು. ಪಾಠ ಬೇಕಾದದ್ದು ನೋಡುವ ಕಣ್ಣಿಗೆ.

ಪುಣೆಗೆ ಆ ಪಾಠ ಹೊಸದಲ್ಲ. 1980ರಲ್ಲಿ ನೀಲಿಮ್‌ಕುಮಾರ್ ಖೈರೆಯವರು 72 ವಿಷದ ಹಾವುಗಳ ಜೊತೆ 72 ಗಂಟೆ ಗಾಜಿನ ಕೋಣೆಯಲ್ಲಿ ಕಳೆದರು. ಕೆಣಕದ ಹೊರತು ಹಾವು ಕಚ್ಚುವುದಿಲ್ಲವೆಂದು ಜನರಿಗೆ ತೋರಿಸುವುದೇ ಅವರ ಉದ್ದೇಶ. ಅವರ ಶ್ರಮದಿಂದ 1986ರಲ್ಲಿ ಹುಟ್ಟಿದ ಕಾತ್ರಜ್‌ನ ಸರ್ಪೋದ್ಯಾನ ಈಗ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯದ ಭಾಗ. ಅದಕ್ಕೆ ಸಮೀಪದ ಬಿಬ್ವೇವಾಡಿಯಲ್ಲಿದೆ ಯೂನಿಯನ್ ಬಿಬ್ಲಿಕಲ್ ಸೆಮಿನರಿ, 1983ರಲ್ಲಿ ಯವತ್ಮಾಳದಿಂದ ಬಂದದ್ದು. ಸತ್ಯವೇದ ಕಲಿಸುವ ಶಾಲೆ ಮತ್ತು ಹಾವುಗಳನ್ನು ಕಲಿಸುವ ಶಾಲೆ ಇಷ್ಟು ಸನಿಹವಿರುವುದು ನನಗೆ ಕೃತಜ್ಞತೆಯ ಸಂಗತಿ.

ಆದರೂ ಈ ವಿವೇಕ ಬರೀ ಧ್ಯಾನದಲ್ಲಿ ಮುಗಿಯಬಾರದು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಕಟ್ಟುಹಾವಿನ ಕಡಿತ ಹೆಚ್ಚಾಗಿ ಆಗುವುದು ನೆಲದ ಮೇಲೆ ಮಲಗಿದವರಿಗೆ. ನೋವು, ಊತ ಅಷ್ಟಾಗಿ ಇರುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಕಲಬುರಗಿ, ಯಾದಗಿರಿಗಳಿಂದ ಬಂದು ಈ ನಗರದ ಕಟ್ಟಡಗಳನ್ನು ಕಟ್ಟುವ ನಮ್ಮ ಜನ ತಗಡಿನ ಶೆಡ್ಡುಗಳಲ್ಲಿ ನೆಲದ ಮೇಲೆಯೇ ಮಲಗುತ್ತಾರೆ. ಒಂದು ಮಂಚ, ಹಾಸಿಗೆಯಡಿಗೆ ಸೇರಿಸಿ ಬಿಗಿಮಾಡಿದ ಸೊಳ್ಳೆಪರದೆ ಅವರ ಪ್ರಾಣ ಉಳಿಸಬಲ್ಲದು. ನಮ್ಮ ಸಭೆಗಳ ಕಾಣಿಕೆಯಲ್ಲಿ ಇದಕ್ಕೊಂದು ಪಾಲು ಇರಲಿ ಎಂದು ನಾನು ಬೇಡುತ್ತೇನೆ. ಕಡಿತದ ಸಂಶಯ ಬಂದೊಡನೆ ಮಂತ್ರದವರನ್ನು ಬಿಟ್ಟು ಆಸ್ಪತ್ರೆಗೆ ಓಡಬೇಕೆಂದು ಭಾನುವಾರದ ಆರಾಧನೆಯಲ್ಲೇ ಹೇಳೋಣ.

ಹಾವಿನ ಮುಂದೆ ನಮಗಿರುವ ಕರ್ತವ್ಯ ಸರಳವಾದದ್ದು: ದೂರ ನಿಲ್ಲಬೇಕು, ಮಕ್ಕಳನ್ನು ಕಾಯಬೇಕು, ಕೋಲು ಕೆಳಗಿಟ್ಟು ಬಲ್ಲವರನ್ನು ಕರೆಯಬೇಕು. ಹಾಗೆ ಮಾಡಿದರೆ ವಿಷದ ಹಾವಿನಿಂದ ಮನೆಯವರೂ ಉಳಿಯುತ್ತಾರೆ, ನಮ್ಮಿಂದ ಬಡಪಾಯಿ ಹಾವೂ ಉಳಿಯುತ್ತದೆ. ಮನುಷ್ಯರ ವಿಷಯದಲ್ಲೂ ಎಚ್ಚರ ಮತ್ತು ಕರುಣೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಕೇಡಿನಿಂದ ದುರ್ಬಲರನ್ನು ಕಾಯುವ ಹೊಣೆ ನಮ್ಮದು. ಹೃದಯವನ್ನು ನೋಡಿ ತೀರ್ಪು ಕೊಡುವ ಅಧಿಕಾರ ಕರ್ತನದು.