ಕಂಚಿನ ಬಳೆ

ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಮೋಟಾರ್ ಸೈಕಲ್ಲುಗಳು ಇಂದಿಗೂ ಓಡುತ್ತಿವೆ. ಅಂಗಡಿಯಲ್ಲಿ ಬಿಡಿಭಾಗ ದೊರೆಯದಿದ್ದಾಗ, ದೊರೆತರೂ ಅಳತೆ ಕೂಡದಿದ್ದಾಗ, ಮನೆಯಲ್ಲೇ ಲೇತ್ ಇರಿಸಿಕೊಂಡ ಹವ್ಯಾಸಿ ಅದನ್ನು ತಾನೇ ಕಡೆಯುತ್ತಾನೆ. ಇಲ್ಲವಾದರೆ ಬೆರಳುದ್ದದ ಲೋಹಕ್ಕಾಗಿ ಇಡೀ ವಾಹನ ಗುಜರಿಯ ಪಾಲು.

ಕನೆಕ್ಟಿಂಗ್ ರಾಡಿನ ಮೇಲ್ತುದಿಯಲ್ಲಿ ಕುಳಿತು ಪಿಸ್ಟನ್ನಿನ ಪಿನ್ನನ್ನು ಹಿಡಿಯುವ ಬುಷ್ ಎಂಬ ಬಳೆಯನ್ನೇ ನೋಡಿ. ಉಕ್ಕಿನಿಂದ ಮಾಡಿದರೆ ಹೆಚ್ಚು ಬಾಳೀತೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಉಕ್ಕು ಉಕ್ಕನ್ನು ಉಜ್ಜಿದರೆ ಪಿನ್ನೇ ಹಾಳಾದೀತು! ಆದುದರಿಂದ ಅದು ಕಂಚಿನದು. ತಾನು ಸವೆದು ಪಿನ್ನನ್ನು ಉಳಿಸುವುದೇ ಅದರ ಕೆಲಸ.

ಬುಷ್ಷಿನ ಹೊರಮೈ ತಾನು ಕೂರುವ ರಂಧ್ರಕ್ಕಿಂತ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ದಪ್ಪವಿರಬೇಕು. ಒತ್ತಿ ಕೂರಿಸಿದೊಡನೆ ಅದರ ಒಳರಂಧ್ರ ಕಿರಿದಾಗುತ್ತದೆ. ಹಾಗಾಗಿ ಒಳ ಅಳತೆಯನ್ನು ಲೇತಿನಲ್ಲೇ ಮುಗಿಸುವಂತಿಲ್ಲ. ಕೂರಿಸಿದ ಮೇಲೆ ಎಣ್ಣೆಯ ತೂತು ಕೊರೆದು, ರೀಮರಿನಿಂದ ಸ್ವಲ್ಪಸ್ವಲ್ಪವೇ ಹೆರೆಯಬೇಕು. ಹೆಚ್ಚು ಹೆರೆದರೆ ಎಂಜಿನ್ ಬಡಿದುಕೊಳ್ಳುತ್ತದೆ. ಮತ್ತೊಂದು ಕಂಚಿನ ತುಂಡನ್ನು ಲೇತಿಗೆ ಕಟ್ಟುವುದೊಂದೇ ದಾರಿ. ಸರಿಯಾಗಿದ್ದರೆ, ಎಣ್ಣೆ ಸವರಿದ ಪಿನ್ ಹೆಬ್ಬೆರಳು ಒತ್ತಿದಷ್ಟಕ್ಕೇ ಸದ್ದಿಲ್ಲದೆ ಒಳಕ್ಕೆ ಜಾರುತ್ತದೆ.